ತುಂಬುವ ಮುನ್ನ

ಘಟ್ಟದ ಊರುಗಳಿಂದ ಮಂಗಳೂರಿಗೆ ಓದಲು ಇಳಿಯುವ ಮಕ್ಕಳ ಕರಕುಶಲ ಕೆಲಸಕ್ಕೂ ತ್ರೀಡಿ ಪ್ರಿಂಟರ್ ಬಂದಿದೆ. ಅದರಲ್ಲಿ ಮುದ್ರಿಸಿದ ಟೊಳ್ಳು ಪ್ಲಾಸ್ಟಿಕ್ ಬೊಂಬೆಗೆ ಭಾರ, ಬಲ ಬರಲೆಂದು ಒಳಗೆ ಎಪಾಕ್ಸಿ ರಾಳ ಸುರಿಯುವುದುಂಟು. ಗಟ್ಟಿಯಾಗುವಾಗ ರಾಳ ಬಿಸಿಯೇರುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಒಮ್ಮೆಲೇ ತುಂಬಿದರೆ ಬೊಂಬೆಯೇ ಸೊಟ್ಟಗಾದೀತು.

ದೊಡ್ಡ ಪ್ರಶ್ನೆ ಅನಂತರದ್ದು. ಬರಿಯ ಪ್ಲಾಸ್ಟಿಕನ್ನು ಕರಗಿಸಿ ಮತ್ತೆ ಬಳಸಲು ಸಾಧ್ಯ. ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗದು. ಎರಡೂ ಬೆಸೆದುಕೊಂಡ ವಸ್ತು ಗುಜರಿಗೂ ಬೇಡ.

ಹಂಪನಕಟ್ಟೆಯಲ್ಲಿ ಎಸೆದದ್ದು ಹಂಪನಕಟ್ಟೆಯಲ್ಲೇ ಉಳಿಯುವುದಿಲ್ಲ. ನಗರದ ಕಸ ಸೇರುವ ಪಚ್ಚನಾಡಿಯ ರಾಶಿ 2019ರ ಆಗಸ್ಟಿನ ಮಳೆಯಲ್ಲಿ ಕುಸಿದು ಮಂದಾರದ ತೋಟಗಳನ್ನೂ ಮನೆಗಳನ್ನೂ ಆವರಿಸಿತು. ನಗರದ ಉದಾಸೀನಕ್ಕೆ ಕೃಷಿಕರು ದಂಡ ತೆತ್ತರು.

ಬೇಕಾದುದು ಭಾರವಷ್ಟೇ ಆದರೆ ಒಣಮರಳು ಸಾಕು. ತುಂಬಿ ಬಿರಡೆ ಹಾಕಿದರೆ ಮುಂದೆಂದಾದರೂ ಬರಿದು ಮಾಡಬಹುದು. ಬಲವೇ ಬೇಕಾದಲ್ಲಿ ಕೈಗವಸು ತೊಟ್ಟು, ಗಾಳಿಯಾಡುವೆಡೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ ರಾಳ ಸುರಿಯಲಿ. ಹಸಿ ರಾಳ ಜಲಚರಗಳಿಗೆ ವಿಷ. ಉಳಿದುದನ್ನು ಚರಂಡಿಗೆ ಚೆಲ್ಲದೆ ಗಟ್ಟಿಯಾಗಲು ಬಿಡಲಿ.

ಶಾಲೆ ಕಾಲೇಜುಗಳು ಕೈಚಳಕಕ್ಕೆ ಅಂಕ ನೀಡುವಾಗ, ಆ ವಸ್ತು ಕೊನೆಗೆ ಯಾರ ತೋಟ ಸೇರುವುದೆಂದೂ ಕೇಳಬೇಕು.