ಸೊರಗು ರೋಗವೂ ಅಂಗಡಿಯ ಉದ್ರಿಯೂ



2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಪಟ್ಟಣವೆಲ್ಲ ಗೋಳಾಡಿತು. ಕೊಯ್ದ ಕೂಲಿಯೂ ಹುಟ್ಟದೆ ನಾವು ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳಲ್ಲಿ ಯಾರೂ ಕೇಳಲಿಲ್ಲ. ಬೆಲೆಗಾಗಿ ನಮ್ಮ ಹೋರಾಟ ಇದ್ದೇ ಇದೆ. ಆದರೆ ಔಷಧಿ ಅಂಗಡಿಯ ಉದ್ರಿ ಲೆಕ್ಕದಲ್ಲಿ ಒಂದಿಷ್ಟನ್ನು ನಾವೇ ಇಳಿಸಬಹುದು. ಈ ಸಲ ಅದರ ಮಾತು.

ಟೊಮೆಟೊಗೆ ಬರುವ ಸೊರಗು ರೋಗಕ್ಕೆ ಒಂದು ಮುಖ್ಯ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬೇರಿನಿಂದ ಒಳಹೊಕ್ಕು ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ಬೇರಲ್ಲಿರೋ ಕಳ್ಳನಿಗೆ ಎಲೆ ಮೇಲೆ ಔಷಧಿ ಹೊಡೆದರೆ ಏನು ಬಂತು? ಅಂಗಡಿಯ ಲೆಕ್ಕ ಮಾತ್ರ ಬೆಳೆಯುತ್ತದೆ.

ಇದಕ್ಕೆ ಎದುರಾಳಿಯೂ ಮಣ್ಣಿನಲ್ಲೇ ಇದೆ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾಗಳು ಬೇರಿನ ಸುತ್ತ ಮೊದಲೇ ಜಾಗ ಹಿಡಿಯುತ್ತವೆ. ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣದ ಅಂಶವನ್ನು ಕಸಿಯುತ್ತವೆ, ಅದನ್ನು ತಡೆಯುವ ವಸ್ತುಗಳನ್ನು ತಯಾರಿಸುತ್ತವೆ, ಗಿಡದ ರೋಗನಿರೋಧಕ ಶಕ್ತಿಯನ್ನೂ ಎಬ್ಬಿಸುತ್ತವೆ.

ಬಳಸುವುದು ಕಷ್ಟವೇನಲ್ಲ. ಒಂದು ಕೆ.ಜಿ. ಬೀಜಕ್ಕೆ 10 ಗ್ರಾಂ ಲೆಕ್ಕದಲ್ಲಿ ಸ್ಯೂಡೊಮೊನಾಸ್ ಪುಡಿ ಹಚ್ಚಿ ಬಿತ್ತಿರಿ. ನಾಟಿಗೆ ಮುಂಚೆ ಸಸಿಯ ಬೇರನ್ನು ಪುಡಿ ಕಲಸಿದ ನೀರಲ್ಲಿ ಅದ್ದಿ. ಎಕರೆಗೆ ಸುಮಾರು ಒಂದು ಕೆ.ಜಿ.ಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ತೇವ ಇರೋ ಮಣ್ಣಿಗೆ ಕೊಡಿ. ತಾಮ್ರದ ಔಷಧಿಯ ಜೊತೆ, ಸ್ಟ್ರೆಪ್ಟೊಸೈಕ್ಲಿನ್ ಜೊತೆ ಬೆರೆಸಬೇಡಿ, ಇವೂ ಸಾಯುತ್ತವೆ.

ಇದೇನು ಮಂತ್ರದ ಬೂದಿಯಲ್ಲ. ಸೊರಗಿ ಬಿದ್ದ ಗಿಡ ಏಳುವುದಿಲ್ಲ. ರೋಗ ಬರೋ ಮುಂಚೆ ಕೊಟ್ಟರೆ ಮಾತ್ರ ಫಲ. ಇನ್ನೊಂದು ವಿಷಯ: ಹಸಿರಾಗಿದ್ದ ಗಿಡ ದಿಢೀರನೆ ಬಾಡಿದರೆ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಕೆಟ್ಟ ಬ್ಯಾಕ್ಟೀರಿಯಾದ ಸೊರಗು, ಶಿಲೀಂಧ್ರದ್ದಲ್ಲ. ಅದಕ್ಕೆ ಶಿಲೀಂಧ್ರದ ಔಷಧಿ ಕೊಳ್ಳುವುದು ದುಡ್ಡನ್ನು ಹೊಳೆಗೆ ಹಾಕಿದ ಹಾಗೆ.

ಎಚ್ಚರ ಬೇಕಾದದ್ದು ಇಲ್ಲಿ. ಈ ಪುಡಿಯಲ್ಲಿರೋದು ಜೀವ. ಬಿಸಿಲಿಗೆ ಬಿದ್ದ, ಅವಧಿ ಮೀರಿದ ಪೊಟ್ಟಣ ಬರೀ ಸುಣ್ಣದ ಪುಡಿಗೆ ಸಮ. ನೋಂದಣಿ ಸಂಖ್ಯೆ, ತಯಾರಾದ ದಿನ, ಅವಧಿ ನೋಡದೆ ಕೊಳ್ಳಬೇಡಿ, ರಸೀದಿ ಬಿಡಬೇಡಿ. ಇಲ್ಲದಿದ್ದರೆ ವಿಷದ ಉದ್ರಿ ಹೋಗಿ ಜೈವಿಕದ ಉದ್ರಿ ಬರುತ್ತದೆ, ಅಷ್ಟೇ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇಂಥ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡಿ ಅರ್ಕಾ ಹೆಸರಲ್ಲಿ ಮಿಶ್ರಣ ಕೊಟ್ಟಿದೆ. ಜನರ ತೆರಿಗೆ ದುಡ್ಡಿನ ಈ ವಿದ್ಯೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ನಾಟಿಗೆ ಮುಂಚೆ, ಪರೀಕ್ಷೆ ಮಾಡಿದ ತಾಜಾ ಪುಡಿಯಾಗಿ ಸಿಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.