ಗಿಟಾರಿಗೂ ಒಂದು ಮಣೆ ಹಾಕೋಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗುರುಸ್ಮರಣೆಯನ್ನೋ ಬಾಲ್ಯದ ನೆನಪುಗಳನ್ನೋ ಬರೆದೇನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿ ನೆರವೇರಿಸಿದ್ದಾರೆ. ನಾನು ಗಿಟಾರಿನ ವಿಷಯವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಕನ್ನಡ ಶಾಲೆಗೂ ಗಿಟಾರಿಗೂ ಎಲ್ಲಿಯ ನಂಟು ಎಂದು ಹಿರಿಯರು ಹುಬ್ಬೇರಿಸಬಹುದು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಮಹೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮದ ಪೂರ್ವಸಿದ್ಧತೆಗೆಂದು ಒಂದು ಭಾನುವಾರ ಮಧ್ಯಾಹ್ನ ನಾವು ಹಳೆಯ ವಿದ್ಯಾರ್ಥಿಗಳು ಕೆಲವರು ಏಳನೆಯ ತರಗತಿಯ ಕೋಣೆಯಲ್ಲಿ ಸೇರಿದ್ದೆವು. ನಮ್ಮಲ್ಲಿ ಐವರು ಗಿಟಾರ್ ತಂದಿದ್ದರು. ಒಬ್ಬರದು ನೈಲಾನ್ ತಂತಿಯದು. ಇನ್ನೊಬ್ಬರದು ಕಲ್ಕತ್ತೆಯಲ್ಲಿ ತಯಾರಾದ ಹಳೆಯ ಗಿವ್ಸನ್. ಅದನ್ನು ಅಮೆರಿಕದ ಗಿಬ್ಸನ್ ಎಂದು ನಂಬಿಸಿ ಕಾಲೇಜಿನಲ್ಲಿ ಎರಡು ವರ್ಷ ಮೆರೆದೆನೆಂದು ಅವರು ನಗುತ್ತ ಒಪ್ಪಿಕೊಂಡರು. ಮೂರನೆಯದು ವಿದ್ಯುತ್ ಗಿಟಾರ್. ಧ್ವನಿವರ್ಧಕವಿಲ್ಲದೆ ಅದು ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿತ್ತು. ನಾಲ್ಕನೆಯದು ತೊಡೆಯ ಮೇಲೆ ಮಲಗಿಸಿ ಉಕ್ಕಿನ ಸಲಾಕೆಯಿಂದ ನುಡಿಸುವ ಹವಾಯಿಯನ್ ಗಿಟಾರ್. ಐದನೆಯದು ನನ್ನದು. ಕಾರ್ಯಕ್ರಮದ ಚರ್ಚೆ ಹತ್ತು ನಿಮಿಷಕ್ಕೆ ಮುಗಿಯಿತು; ಒಬ್ಬರ ವಾದ್ಯವನ್ನು ಇನ್ನೊಬ್ಬರು ತೊಡೆಗೇರಿಸಿಕೊಂಡು ನುಡಿಸಿ ನೋಡುವುದರಲ್ಲಿ ಮೂರು ತಾಸು ಕಳೆಯಿತು.

ಯಾರ ವಾದನ ಶ್ರೇಷ್ಠವೆಂಬ ಮಾತು ಬಂದಾಗ ಐವರದೂ ಐದು ದಿಕ್ಕು. ಒಬ್ಬರಿಗೆ ನಮ್ಮ ಗೋವೆಯ ರೆಮೋ ಫರ್ನಾಂಡಿಸರೇ ಆದರ್ಶ. 1984ರಲ್ಲಿ 'ಗೋವನ್ ಕ್ರೇಜಿ' ಧ್ವನಿಸುರುಳಿಯನ್ನು ಸಿಯೋಲಿಮ್ಮಿನ ತಮ್ಮ ಮನೆಯಲ್ಲಿಯೇ ಮುದ್ರಿಸಿ, ಸ್ಕೂಟರಿನ ಮೇಲೆ ಹೇರಿಕೊಂಡು ತಾವೇ ಅಂಗಡಿಗಳಿಗೆ ಹಂಚಿದ ಕಲಾವಿದರವರು. ಇನ್ನೊಬ್ಬರು ಇಳಯರಾಜರ ಪಕ್ಷ. ಅವರು ಮೂಲತಃ ಗಿಟಾರ್ ವಾದಕರೆಂಬುದನ್ನೂ, ಜಿ. ಕೆ. ವೆಂಕಟೇಶರ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಿಗೆ ದುಡಿದವರೆಂಬುದನ್ನೂ ನೆನಪಿಸಿ, ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' (1981) ಚಿತ್ರದ ಹಾಡುಗಳನ್ನು ನುಡಿಸಿ ತೋರಿಸಿದರು. ಹವಾಯಿಯನ್ ಗಿಟಾರಿನವರು ಬ್ರಿಜ್‌ಭೂಷಣ್ ಕಾಬ್ರಾ ಅವರ ಹೆಸರು ಬಂದೊಡನೆ ಕಿವಿ ಮುಟ್ಟಿಕೊಂಡರು. 1967ರಲ್ಲಿ ಶಿವಕುಮಾರ ಶರ್ಮ ಮತ್ತು ಹರಿಪ್ರಸಾದ್ ಚೌರಾಸಿಯಾರೊಡನೆ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಸಂತೂರ್, ಕೊಳಲುಗಳ ನಡುವೆ ಗಿಟಾರನ್ನು ಸಮಸಮನಾಗಿ ಕೂರಿಸಿದವರು ಕಾಬ್ರಾ. ನಮ್ಮಲ್ಲಿ ಕಿರಿಯನಾದವನು, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ದೇಶವಿದೇಶಗಳ ಜನರನ್ನು ಕುಣಿಸಿದ್ದನ್ನು ಹೇಳಿದ. ನಾನು ವಿಶ್ವಮೋಹನ ಭಟ್ಟರ ಪರ ವಾದಿಸಿದೆ. ಗಿಟಾರಿಗೆ ತರಫಿನ ತಂತಿಗಳನ್ನು ಸೇರಿಸಿ ಮೋಹನವೀಣೆಯೆಂದು ಹೆಸರಿಟ್ಟು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ತಂದವರು ಅವರು.

ಇಷ್ಟರಲ್ಲಿ, ಬೆಂಚುಗಳನ್ನು ಜೋಡಿಸಲು ಬಂದಿದ್ದ ಈಗಿನ ವಿದ್ಯಾರ್ಥಿಯೊಬ್ಬ ಬಾಗಿಲ ಬಳಿಯಿಂದ ಮೆಲ್ಲಮೆಲ್ಲನೆ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತಿದ್ದ. ನಾನು ಗಿಟಾರನ್ನು ಬೆಂಚಿನ ಮೇಲಿಟ್ಟಾಗ ಅವನ ಕೈ ತಾನಾಗಿ ತಂತಿಯತ್ತ ಚಾಚಿತು. "ಮುಟ್ಟಬೇಡಪ್ಪಾ, ಶ್ರುತಿ ಕೆಟ್ಟೀತು" ಎಂದುಬಿಟ್ಟೆ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹುಡುಗ ಅಲ್ಲಿರಲಿಲ್ಲ.

ನಾನು ಆಡಿದ್ದು ಸುಳ್ಳು ಮಾತು. ಅದುವರೆಗೆ ನಾಲ್ಕು ಜನರು ಆ ಗಿಟಾರನ್ನು ನುಡಿಸಿದ್ದರು. ಕೆಟ್ಟ ಶ್ರುತಿಯನ್ನು ಸರಿಪಡಿಸಲು ಎರಡು ನಿಮಿಷ ಸಾಕು. ದೊಡ್ಡವರ ಕೈಗೆ ಧಾರಾಳವಾಗಿ ಕೊಟ್ಟ ವಸ್ತುವನ್ನು, ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದ ಕೈಯೊಂದಕ್ಕೆ ನಿರಾಕರಿಸಿದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ಏಕೆಂದರೆ ನಾನು ಗಿಟಾರ್ ಕಲಿತದ್ದೇ ಪರರ ವಾದ್ಯದಲ್ಲಿ.

ಈ ಸಂಚಿಕೆಯ ಓದುಗರಿಗೆ ನಮ್ಮ ಕತೆ ಹೊಸದಲ್ಲ. 1961ರ ವಿಮೋಚನೆಯ ತರುವಾಯ ಬಂದರು, ಗಣಿ, ಕಟ್ಟಡಗಳ ಕೆಲಸಕ್ಕೆಂದು ಬಿಜಾಪುರ, ಧಾರವಾಡ, ರಾಯಚೂರು ಸೀಮೆಗಳಿಂದ ಗೋವೆಗೆ ಬಂದ ಅಸಂಖ್ಯ ಸಂಸಾರಗಳಲ್ಲಿ ನಮ್ಮದೂ ಒಂದು. ತಂದೆಯವರು ವಾಸ್ಕೋದಲ್ಲಿ ಗಾರೆಯ ಕೆಲಸ ಮಾಡುತ್ತಿದ್ದರು. ನಮ್ಮ ಬಾಡಿಗೆಯ ಕೋಣೆಯ ಪಕ್ಕದಲ್ಲಿ, ಹಡಗುಗಳ ವಾದ್ಯವೃಂದದಲ್ಲಿ ದುಡಿದು ನಿವೃತ್ತರಾದ ಗೋವೆಯ ಹಿರಿಯರೊಬ್ಬರಿದ್ದರು. ಅವರ ಪಡಸಾಲೆಯ ಗೋಡೆಗೆ ಗಿಟಾರೊಂದು ತೂಗುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ನಿಂತು ಕೇಳುತ್ತಿದ್ದುದನ್ನು ಕಂಡ ಅವರು ಒಂದು ಶನಿವಾರ ಸಂಜೆ ಅದನ್ನು ಇಳಿಸಿ ನನ್ನ ಕೈಗಿತ್ತರು. ಸೋಮವಾರ ಶಾಲೆಗೆ ಹೋಗುವ ಮುನ್ನ ಮರಳಿಸಬೇಕು; ಕೈ ತೊಳೆದು ಮುಟ್ಟಬೇಕು; ತಂತಿಯ ಬೆವರನ್ನು ಬಟ್ಟೆಯಿಂದ ಒರೆಸಿ ಕೊಡಬೇಕು. ಇವು ಮೂರೇ ಷರತ್ತುಗಳು. ಮೂರನೆಯ ವಾರ ತಂತಿ ಹರಿಯಿತು. ಅಳುತ್ತ ಹೋದ ನನಗೆ ಅವರು ಹೊಸ ತಂತಿಯನ್ನು ಕಟ್ಟುವ ಬಗೆಯನ್ನು ಕಲಿಸಿ, ಕೊಂಕಣಿಯಲ್ಲಿ ಒಂದು ಮಾತು ಹೇಳಿದರು. ನುಡಿಸುವವನ ಕೈಯಲ್ಲಿ ಮಾತ್ರ ತಂತಿ ಹರಿಯುತ್ತದೆ ಎಂಬುದು ಅದರ ಅರ್ಥ.

ಒಂದು ವಾದ್ಯ ಹೀಗೆ ಕೈಯಿಂದ ಕೈಗೆ ಸಾಗುವುದು ಗೋವೆಯ ಸಂಗೀತ ಸಂಪ್ರದಾಯದ ಜೀವನಾಡಿಯೆಂದು ನನ್ನ ಭಾವನೆ. ಪೋರ್ಚುಗೀಸರ ಕಾಲದಿಂದಲೂ ಇಗರ್ಜಿಗಳ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಅಲ್ಲಿ ಕಲಿತವರು ಮುಂಬಯಿಯ ಚಿತ್ರರಂಗವನ್ನು ಕಟ್ಟಿದರು. ಮಜೋರ್ಡಾದ ಆ್ಯಂಟನಿ ಗೊನ್ಸಾಲ್ವಿಸರು ಅಂಥವರಲ್ಲೊಬ್ಬರು. ಅವರ ಶಿಷ್ಯರಾದ ಪ್ಯಾರೇಲಾಲರು 1977ರಲ್ಲಿ 'ಅಮರ್ ಅಕ್ಬರ್ ಆ್ಯಂಟನಿ' ಚಿತ್ರದ ಹಾಡೊಂದರಲ್ಲಿ ಗುರುವಿನ ಹೆಸರು ದೇಶದ ಮನೆಮನೆಯಲ್ಲಿ ಮೊಳಗುವಂತೆ ಮಾಡಿದರು. ವಿದ್ಯಾಋಣ ತೀರಿಸುವ ಬಗೆಗಳಲ್ಲಿ ಇದೂ ಒಂದು.

ಹೀಗಿದ್ದೂ ನಮ್ಮ ಕನ್ನಡ ಮನೆಗಳಲ್ಲಿ ಗಿಟಾರೆಂದರೆ "ಅದು ಅವರ ವಾದ್ಯ" ಎಂಬ ಭಾವನೆ ಇಂದಿಗೂ ಅಳಿದಿಲ್ಲ. ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವ ಸಮಾರಂಭವೊಂದರಲ್ಲಿ, "ಭಾವಗೀತೆಗೆ ಗಿಟಾರೇಕೆ, ಹಾರ್ಮೋನಿಯಂ ಇದೆಯಲ್ಲ" ಎಂದು ಸಂಘಟಕರೊಬ್ಬರು ನನ್ನನ್ನು ವೇದಿಕೆಯಿಂದ ಇಳಿಸಿದ್ದುಂಟು. ಅವರ ಕನ್ನಡಾಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ. 1842ರಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಅದಕ್ಕೆ ಹಕ್ಕುಪತ್ರ ಪಡೆದ. ಅದು ಭಾರತೀಯ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಅದನ್ನು ಹೊರಗಿಟ್ಟಿತ್ತು. ಆ ಹಾರ್ಮೋನಿಯಂ ಇಲ್ಲದ ಕನ್ನಡ ವೃತ್ತಿರಂಗಭೂಮಿಯನ್ನು ನಾವು ಇಂದು ಕಲ್ಪಿಸಿಕೊಳ್ಳಬಲ್ಲೆವೇ? ಪಿಟೀಲೂ ಯುರೋಪಿನಿಂದಲೇ ಬಂದದ್ದು. ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿದವರು ನಮ್ಮ ತಿರುಮಕೂಡಲು ಚೌಡಯ್ಯನವರು. ಅವರ ಸ್ಮರಣೆಗಾಗಿ ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಭವನವನ್ನೇ ಕಟ್ಟಿದ್ದೇವೆ. ವಾದ್ಯಕ್ಕೆ ಜಾತಿಯಿಲ್ಲ, ನುಡಿಸುವ ಕೈಯ ನುಡಿಯೇ ಅದರ ನುಡಿ.

ಕನ್ನಡದ ಪದಗಳು ಗಿಟಾರಿಗೆ ಒಗ್ಗುವುದಿಲ್ಲವೆಂಬ ಇನ್ನೊಂದು ಆಕ್ಷೇಪವಿದೆ. ಹಾಡುವವರ ಗಮಕ, ಮೀಂಡುಗಳ ಮೇಲೆ ಒಂದೇ ಸಮನೆ ಸ್ವರಮೇಳಗಳನ್ನು ಬಡಿಯುತ್ತ ಹೋದರೆ ರಾಗ ಕೆಡುತ್ತದೆಂಬುದು ನಿಜ. ಆದರೆ ಅದು ವಾದಕನ ಅವಿವೇಕ, ವಾದ್ಯದ ದೋಷವಲ್ಲ. ಗಿಟಾರಿನ ಆರು ತಂತಿಗಳನ್ನು ಸಾಮಾನ್ಯವಾಗಿ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಕೂಡಿಸುತ್ತಾರೆ. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಂದು ಸ್ವರದಷ್ಟು ಇಳಿಸಿ ಡಿ ಮಾಡಿದರೆ, ಕೆಳಗಿನ ಮೂರು ತಂತಿಗಳು ಷಡ್ಜ, ಪಂಚಮ, ಷಡ್ಜಗಳಾಗಿ ತಂಬೂರಿಯಂತೆ ಮಿಡಿಯುತ್ತವೆ. ಆ ನಾದದ ಮೇಲೆ ವಚನವನ್ನೂ ಹಾಡಬಹುದು, ದಾಸರ ಪದವನ್ನೂ ಹಾಡಬಹುದು. ಮಕ್ಕಳ ಧ್ವನಿ ಎತ್ತರದ್ದಾದರೆ ಕೇಪೋ ಎಂಬ ಚಿಕ್ಕ ಹಿಡಿಕೆಯನ್ನು ಕತ್ತಿಗೆ ಸಿಕ್ಕಿಸಿದರಾಯಿತು. ಶ್ರುತಿ ಏರುತ್ತದೆ, ಬೆರಳಿನ ಪಾಠ ಬದಲಾಗದು. ಮೋಹನ ರಾಗದ ಐದು ಸ್ವರಗಳು ಸಿಕ್ಕ ಹುಡುಗ ತಿಂಗಳೊಪ್ಪತ್ತಿನಲ್ಲಿ ಪ್ರಾರ್ಥನಾ ಗೀತೆಯೊಂದನ್ನು ನುಡಿಸಿಯಾನು.

ಇದು ಸಂಗೀತಕ್ಕಷ್ಟೇ ಸಂಬಂಧಿಸಿದ ವಿಚಾರವಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಆಡುತ್ತ ಬೆಳೆಯುತ್ತಾರೆ. ಹದಿನಾಲ್ಕು ಹದಿನೈದರ ವಯಸ್ಸಿಗೆ ಬಂದಾಗ, ಕನ್ನಡವೆಂಬುದು ಅಡುಗೆಮನೆಗೂ ನವೆಂಬರ್ ಒಂದರ ವೇದಿಕೆಗೂ ಮೀಸಲಾದ ಭಾಷೆಯೆಂದು ಅವರಿಗೆ ತೋರತೊಡಗುತ್ತದೆ. ಗೆಳೆಯರು ಕಡಲ ದಂಡೆಯಲ್ಲಿ ಗಿಟಾರ್ ಹಿಡಿದು ಕೂತಾಗ ನಮ್ಮ ಹುಡುಗ ಹಾಡುವುದು ಹಿಂದಿಯ ಅಥವಾ ಇಂಗ್ಲಿಷಿನ ಹಾಡನ್ನು. ಅದು ತಪ್ಪಲ್ಲ. ಆದರೆ ಅವನಿಗೆ ಅಲ್ಲಿ ಶರೀಫರ ಪದವೊಂದನ್ನೂ ನುಡಿಸಲು ಬಂದರೆ, ಗೆಳೆಯರು ಅದರ ಅರ್ಥವೇನೆಂದು ಕೇಳುತ್ತಾರೆ, ಅವನು ಹೇಳುತ್ತಾನೆ. ಯಾವ ಭಾಷಣವೂ ಮೂಡಿಸಲಾರದ ಅಭಿಮಾನ ಆ ಒಂದು ಗಳಿಗೆಯಲ್ಲಿ ಮೂಡುತ್ತದೆ.

ಆದ್ದರಿಂದ ಆಡಳಿತ ಮಂಡಳಿಗೂ ಹಳೆಯ ವಿದ್ಯಾರ್ಥಿಗಳಿಗೂ ನನ್ನದೊಂದು ಅರಿಕೆ. ಸುವರ್ಣ ಮಹೋತ್ಸವದ ನೆನಪಿಗಾಗಿ ಮಹಾದ್ವಾರವೊಂದನ್ನು ಕಟ್ಟಿಸಬೇಕೆಂಬ ಮಾತು ಕೇಳಿಬರುತ್ತಿದೆ. ದ್ವಾರ ಬೇಡವೆಂದು ನಾನು ಹೇಳಲಾರೆ. ಆದರೆ ಅದಕ್ಕೂ ಮೊದಲು ಗ್ರಂಥಾಲಯದ ಮೂಲೆಯಲ್ಲಿ ಒಂದು ವಾದ್ಯಭಂಡಾರವಾಗಲಿ. ಪುಸ್ತಕ ಕೊಡುವಂತೆಯೇ ಅಲ್ಲಿಂದ ವಾದ್ಯವನ್ನು ಶನಿವಾರ ಮನೆಗೆ ಕೊಟ್ಟು ಸೋಮವಾರ ಮರಳಿ ಪಡೆಯಲಿ. ನಾಲ್ಕು ಗಿಟಾರು, ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ ಮತ್ತು ಗೋವೆಯ ಸರ್ಕಾರವು 2019ರಲ್ಲಿ ಪಾರಂಪರಿಕ ವಾದ್ಯವೆಂದು ಘೋಷಿಸಿದ ಘುಮಟ ಒಂದು ಇದ್ದರೆ ಆರಂಭಕ್ಕೆ ಸಾಕು. ಕಲಿಯುವ ಮಕ್ಕಳ ಗಿಟಾರಿಗೆ ಇಂದು ಐದಾರು ಸಾವಿರ ರೂಪಾಯಿ ಬೇಕಾದೀತು. ಎಳೆಯ ಬೆರಳುಗಳಿಗೆ ನೈಲಾನ್ ತಂತಿಯದೇ ಹಿತ. ವಾರಕ್ಕೊಂದು ತಾಸು ಪಾಠ ಹೇಳಲು ನಾವು ಐವರು ಸರದಿಯಂತೆ ಬರಲು ಸಿದ್ಧರಿದ್ದೇವೆ.

ಮಕ್ಕಳು ಮುರಿದುಹಾಕುತ್ತಾರೆಂಬ ಭಯ ಸಹಜವೇ. ಮುರಿಯಬಹುದು. ಆದರೆ ಗೋವೆಯ ಹವೆಯಲ್ಲಿ ವಾದ್ಯಕ್ಕೆ ಮಕ್ಕಳಿಗಿಂತ ದೊಡ್ಡ ಶತ್ರು ಮುಚ್ಚಿದ ಬೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಅಂಟು ಸಡಿಲವಾಗುತ್ತದೆ, ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ, ಕತ್ತು ಬಾಗುತ್ತದೆ. ದಿನವೂ ಹೊರತೆಗೆದು ನುಡಿಸಿ ಒರೆಸಿಟ್ಟ ಗಿಟಾರಿನ ತೊಂದರೆ ಬೇಗನೆ ಕಣ್ಣಿಗೆ ಬೀಳುತ್ತದೆ. ಬೀರುವಿನಲ್ಲಿ ಭದ್ರವಾಗಿಟ್ಟದ್ದು ಸದ್ದಿಲ್ಲದೆ ಸಾಯುತ್ತದೆ. ನಮ್ಮ ಮನೆಗಳ ಅಟ್ಟಗಳಲ್ಲಿ ಹೀಗೆ ಸಾಯುತ್ತಿರುವ ವಾದ್ಯಗಳು ಎಷ್ಟಿವೆಯೋ! ಮಗ ದುಬೈಗೆ ಹೋದ, ಮಗಳಿಗೆ ಮದುವೆಯಾಯಿತು, ಗಿಟಾರು ಗೋಣಿಚೀಲದಲ್ಲಿ ಉಳಿಯಿತು. ಅಂಥವನ್ನು ಶಾಲೆಗೆ ತಂದುಕೊಡಿರೆಂದು ಓದುಗ ಬಂಧುಗಳಲ್ಲಿ ಕೈಮುಗಿದು ಕೇಳುತ್ತೇನೆ. ತಂತಿ ನಾವು ಕಟ್ಟಿಕೊಳ್ಳುತ್ತೇವೆ.

ನನ್ನ ಗಿಟಾರನ್ನು ಕಳೆದ ವಾರ ಮುಖ್ಯೋಪಾಧ್ಯಾಯರ ವಶಕ್ಕೆ ಒಪ್ಪಿಸಿ ಬಂದೆ. ದಾನವೆಂದು ಬರೆಯಬೇಡಿರೆಂದು ಕೇಳಿಕೊಂಡೆ. ವಾಸ್ಕೋದ ಆ ಹಿರಿಯರು ಇಂದಿಲ್ಲ, ಅವರಿಗೆ ಮರಳಿಸಬೇಕಾದದ್ದನ್ನು ಇಲ್ಲಿ ಮರಳಿಸಿದ್ದೇನೆ. ಅಂದು ಕೈ ಹಿಂದೆ ಕಟ್ಟಿ ನಿಂತ ಹುಡುಗನೇ ಅದನ್ನು ಮೊದಲ ಶನಿವಾರ ಮನೆಗೆ ಒಯ್ದನೆಂದು ತಿಳಿದುಬಂತು. ಸೋಮವಾರ ತಂದಾಗ ಆರೂ ತಂತಿಗಳ ಶ್ರುತಿ ಕೆಟ್ಟಿತ್ತಂತೆ. ಅದು ಪ್ರತಿ ಸೋಮವಾರವೂ ಹಾಗೆಯೇ ಕೆಟ್ಟು ಬರುತ್ತಿರಲಿ ಎಂಬುದು ಈ ಶುಭ ಸಂದರ್ಭದಲ್ಲಿ ನನ್ನ ಹಾರೈಕೆ.