ಬೋರ್ಡು ಹೋಯಿತೆಂಬ ಮಾತು

ಅಡಿಗೆಮನೆಯ ಇಂಡಕ್ಷನ್ ಒಲೆ ನಡುವೆ ನಿಂತುಬಿಟ್ಟರೆ ರಿಪೇರಿಯವರ ಬಾಯಿಂದ ಮೊದಲು ಹೊರಡುವ ಮಾತು ‘ಬೋರ್ಡು ಹೋಗಿದೆ’ ಎಂಬುದು. ಬೋರ್ಡಿನ ಬೆಲೆಗೆ ಕೂಲಿಯನ್ನೂ ಸೇರಿಸಿ ಲೆಕ್ಕ ಹೇಳಿದಾಗ, ಇದಕ್ಕಿಂತ ಹೊಸ ಒಲೆಯನ್ನೇ ತರಬಹುದಲ್ಲ ಎಂದು ಮನೆಯವರು ಮುಖಮುಖ ನೋಡಿಕೊಳ್ಳುತ್ತಾರೆ. ಕರುಮತ್ತಂಪಟ್ಟಿ, ಸೋಮನೂರು ಕಡೆಯ ನಮ್ಮ ನೇಕಾರರ ಮನೆಗಳಲ್ಲಿ ಈ ಮಾತನ್ನು ಪದೇ ಪದೇ ಕೇಳುತ್ತಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸೋಣವೆಂದು ಬಗೆದಿದ್ದೇವೆ.

ಮಗ್ಗವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದೊಡನೆ ಮಗ್ಗ ತಾನಾಗಿ ನಿಲ್ಲುತ್ತದೆ. ಆಗ ಮಗ್ಗ ಕೆಟ್ಟಿತೆಂದು ಯಾರೂ ಕೂಗುವುದಿಲ್ಲ. ಕಡಿದ ನೂಲನ್ನು ಹುಡುಕುತ್ತಾರೆ. ಒಲೆಯ ಬೋರ್ಡಿನ ನಡತೆಯೂ ಇದೇ. ಅದು ಒಲೆಯನ್ನು ನಿಲ್ಲಿಸಿತೆಂದರೆ, ಎಷ್ಟೋ ಸಲ, ತನ್ನ ಕರ್ತವ್ಯವನ್ನು ಸರಿಯಾಗಿ ಮಾಡಿತೆಂದೇ ಅರ್ಥ.

ಈ ಒಲೆಯಲ್ಲಿ ಉರಿಯಿಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು ಬೋರ್ಡು ಮೊದಲು ಏಕಮುಖಗೊಳಿಸಿ, ಬಳಿಕ ಐಜಿಬಿಟಿ ಎಂಬ ಬಿಡಿಭಾಗದ ಮೂಲಕ ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಬಿಟ್ಟು ಹಿಡಿದು, ಗಾಜಿನಡಿಯ ತಾಮ್ರದ ಸುರುಳಿಗೆ ಕಳಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆಯವರು ಕಂಡ ತತ್ತ್ವದಂತೆ ಪಾತ್ರೆಯ ತಳದಲ್ಲಿಯೇ ವಿದ್ಯುತ್ ಹುಟ್ಟಿ ತಳ ಬಿಸಿಯಾಗುತ್ತದೆ. ಗಾಜಿನ ಕೆಳಗೊಂದು, ಐಜಿಬಿಟಿಯ ಬಳಿಯೊಂದು, ಹೀಗೆ ಸಾಮಾನ್ಯವಾಗಿ ಎರಡು ಥರ್ಮಿಸ್ಟರುಗಳು ಶಾಖವನ್ನು ಅಳೆಯುತ್ತಿರುತ್ತವೆ. ಐಜಿಬಿಟಿಯನ್ನು ತಣಿಸಲು ಚಿಕ್ಕದೊಂದು ಫ್ಯಾನಿದೆ. ಕಾವು ಮಿತಿಮೀರಿದರೆ ಬೋರ್ಡು ಎಲ್ಲವನ್ನೂ ನಿಲ್ಲಿಸುತ್ತದೆ.

ನಾವು ಕಂಡ ಒಂದು ಮನೆಯಲ್ಲಿ ಮಗ್ಗದ ಕೊಟ್ಟಿಗೆಗೂ ಅಡಿಗೆಮನೆಗೂ ಒಂದೇ ಗೋಡೆ. ಒಲೆ ಹತ್ತು ನಿಮಿಷ ನಡೆದು ನಿಲ್ಲುತ್ತಿತ್ತು, ಆರಿದ ಮೇಲೆ ಮತ್ತೆ ನಡೆಯುತ್ತಿತ್ತು. ಮಗಳ ಪುಸ್ತಕಗಳಿಗೆಂದು ತೆಗೆದಿರಿಸಿದ್ದ ಹಣದಲ್ಲಿ ಬೋರ್ಡು ಬದಲಾಯಿತು. ಹತ್ತು ದಿನ ಕಳೆಯುವುದರೊಳಗೆ ಹೊಸ ಬೋರ್ಡೂ ಅದೇ ಹಾಡು ಹಾಡಿತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಒಲೆಯನ್ನು ಬೋರಲು ಹಾಕಿ ಬಿಚ್ಚಿದರು. ಫ್ಯಾನಿನ ರೆಕ್ಕೆಗಳಿಗೂ ಗಾಳಿಕಂಡಿಗಳಿಗೂ ಅರಳೆಯ ಧೂಳು ಕೌದಿಯಂತೆ ಹೊದೆದುಕೊಂಡಿತ್ತು. “ಬೋರ್ಡಿಗೆ ಉಸಿರಾಡಲು ಗಾಳಿಯೇ ಇಲ್ಲವಲ್ಲಮ್ಮಾ!” ಎಂದರು. ಧೂಳು ತೆಗೆದು, ಬಿಗಿದುಹೋಗಿದ್ದ ಫ್ಯಾನನ್ನು ಮಾತ್ರ ಬದಲಿಸಿದರು. ಮೂಲೆಗೆ ಬಿದ್ದಿದ್ದ ಹಳೆಯ ಬೋರ್ಡನ್ನೇ ಮರಳಿ ಕೂರಿಸಿ ನೋಡಿದಾಗ ಅದೂ ನೆಟ್ಟಗೆ ನಡೆಯಿತು. ಪುಸ್ತಕದ ಹಣ ಮಾತ್ರ ಮರಳಲಿಲ್ಲ.

ಆದುದರಿಂದ ಬಿಚ್ಚುವ ಮುನ್ನ ನೋಡಬೇಕಾದವು ಕೆಲವಿವೆ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟದಿದ್ದರೆ ಒಲೆ ಕೂಗಿ ನಿಲ್ಲುತ್ತದೆ. ಬರಿಯ ಅಲ್ಯುಮಿನಿಯಂ, ಹಿತ್ತಾಳೆ ಪಾತ್ರೆಗಳು ಇದಕ್ಕೆ ಆಗವು. 2000 ವಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ; ಅದನ್ನು 6 ಆಂಪಿಯರಿನ ಸಾಕೆಟ್ಟಿಗೋ ತೆಳುವಾದ ಎಕ್ಸ್‌ಟೆನ್ಷನ್ ವೈರಿಗೋ ಸಿಕ್ಕಿಸಿದರೆ ವೈರು ಬಿಸಿಯಾಗಿ ವೋಲ್ಟೇಜು ಕುಸಿದು ಒಲೆ ಮುಷ್ಕರ ಹೂಡುವುದು ಸಹಜ. ಸಂಜೆ ಮಾತ್ರ ಈ ತೊಂದರೆಯಾದರೆ ವೋಲ್ಟೇಜನ್ನೇ ಶಂಕಿಸಬೇಕು. ಫ್ಯಾನಿನ ಸದ್ದಿಗೂ ಕಿವಿಗೊಡಿ. ಒಲೆ ತಣ್ಣಗಿರುವಾಗಲೇ, ಹಾಕಿದ ಕ್ಷಣದಲ್ಲೇ ದೋಷದ ಸಂಖ್ಯೆ ಮೂಡಿದರೆ ಥರ್ಮಿಸ್ಟರಿನ ತಂತಿ ಕಡಿದಿರಬಹುದು. ಅದರ ಬೆಲೆ ಬೋರ್ಡಿನ ಮುಂದೆ ಏನೇನೂ ಅಲ್ಲ. ದೀಪ ಉರಿಯುತ್ತಿದ್ದು ಗುಂಡಿಗಳು ಮಾತ್ರ ಕೇಳದಿದ್ದರೆ ತಪ್ಪು ಮೇಲಿನ ಚಿಕ್ಕ ಕಾರ್ಡಿನಲ್ಲಿರುವ ಸಂಭವ ಹೆಚ್ಚು. ಬೆಚ್ಚನೆಯ ಜಾಗವೆಂದು ಒಳಹೊಕ್ಕ ಜಿರಲೆಗಳ ಹಿಕ್ಕೆಯೂ ಬೋರ್ಡಿಗೆ ಹಗೆ.

ಒಲೆಗೆ ಜೀವವೇ ಇಲ್ಲದಂತಾಗಿ, ಒಳಗಿನ ಫ್ಯೂಸಿನ ಗಾಜು ಕಪ್ಪಾಗಿ ಸುಟ್ಟಿದ್ದರೆ ಆಗ ಐಜಿಬಿಟಿ ಹೋಗಿರುವುದು ಬಹುಮಟ್ಟಿಗೆ ದಿಟ. ಅಂಥಲ್ಲಿಯೂ ಬಲ್ಲ ಮೆಕ್ಯಾನಿಕ್ ಆ ಬಿಡಿಭಾಗವನ್ನಷ್ಟೇ ಬದಲಿಸಿ, 100 ವಾಟಿನ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ಪರೀಕ್ಷಿಸುತ್ತಾರೆ. ಬಲ್ಬು ಪ್ರಖರವಾಗಿ ಉರಿದೇ ಇದ್ದರೆ ಒಳಗೆ ಷಾರ್ಟ್ ಇನ್ನೂ ಉಳಿದಿದೆ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವವರನ್ನು ಮನೆಯೊಳಗೆ ಬಿಡಲೇಬಾರದು. ಪ್ಲಗ್ಗು ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟು ಸ್ವಲ್ಪ ಹೊತ್ತು ನಿಂತಿರಬಹುದಾದುದರಿಂದ ಗೃಹಿಣಿಯರಾಗಲಿ ಮಕ್ಕಳಾಗಲಿ ಬಿಚ್ಚುವ ಗೋಜಿಗೆ ಹೋಗದಿರಲಿ. ಪ್ಲಗ್ಗು ತೆಗೆದು, ಒಣ ಬ್ರಷ್ಷಿನಿಂದ ಹೊರಗಿನ ಗಾಳಿಕಂಡಿಗಳನ್ನು ವಾರಕ್ಕೊಮ್ಮೆ ಗುಡಿಸುವುದಷ್ಟೇ ಮನೆಯವರ ಪಾಲಿನ ಕೆಲಸ.

ದೋಷದ ಸಂಖ್ಯೆಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಒಂದರಲ್ಲಿ ವೋಲ್ಟೇಜು ಕಡಿಮೆಯೆಂಬ ಗುರುತು ಇನ್ನೊಂದರಲ್ಲಿ ಕಾವು ಹೆಚ್ಚೆಂದಾದೀತು. ಒಲೆಯೊಡನೆ ಬಂದ ಪುಸ್ತಿಕೆಯ ಇಂಗ್ಲಿಷನ್ನು ಮನೆಯ ಮಗುವಿನಿಂದ ಓದಿಸಿ, ಕನ್ನಡವಾಗಲಿ ತಮಿಳಾಗಲಿ, ಅಜ್ಜಿಗೆ ಓದಲು ಬರುವ ಲಿಪಿಯಲ್ಲಿ ದಪ್ಪಕ್ಷರದಿಂದ ಬರೆಸಿ, ಒಲೆಯ ಮೇಲಿನ ಗೋಡೆಗೆ ಅಂಟಿಸಬಹುದು.